ಆರು ಸಾವಿರ ಮೀಟರಿನ ಬೆಟ್ಟಕ್ಕೆ ಬೆಂಗಳೂರಿನ ಮೆಟ್ಟಿಲು

ಹೊಸ ವರ್ಷ ಬಂತೆಂದರೆ ತರಬೇತಿಗೆ ಬರುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ‘ಸರ್, ಆಗಸ್ಟ್‌ನಲ್ಲಿ ಲಡಾಖ್‌ಗೆ ಹೋಗಿ ಕಾಂಗ್ ಯಾತ್ಸೆ ಹತ್ತಬೇಕು ಅಂತಿದೀವಿ. ಜಿಮ್‌ಗೆ ಹೋಗ್ತೀನಿ, ವಾರಕ್ಕೆ ಎರಡು ಸಲ ಹತ್ತು ಕಿಲೋಮೀಟರ್ ಓಡ್ತೀನಿ. ಇಷ್ಟು ಸಾಕಾ?’

ಲಡಾಖಿನ ಇನ್ನೊಂದು ಶಿಖರ ಸ್ಟೋಕ್ ಕಾಂಗ್ರಿಯನ್ನು 2020ರಲ್ಲಿ ಚಾರಣಿಗರಿಗೆ ಮುಚ್ಚಿದ ಮೇಲೆ, ಮೊದಲ ಸಲ ಆರು ಸಾವಿರ ಮೀಟರ್ ಮುಟ್ಟಬೇಕೆನ್ನುವವರು ಹೆಚ್ಚಾಗಿ ಹೊರಡುವುದು ಕಾಂಗ್ ಯಾತ್ಸೆಯ ಎರಡನೇ ಶಿಖರಕ್ಕೆ. ಎತ್ತರ 6,250 ಮೀಟರ್. ಬೇಸ್ ಕ್ಯಾಂಪ್ ಇರುವುದು ಸುಮಾರು 5,100 ಮೀಟರ್‌ನಲ್ಲಿ. ಅಂದರೆ ಕೊನೆಯ ರಾತ್ರಿ ಸಾವಿರದ ನೂರೈವತ್ತು ಮೀಟರ್ ಹತ್ತಿ, ಅಷ್ಟನ್ನೂ ಇಳಿದು ಬರಬೇಕು. ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹೋಗಿಬಂದವರು ಒಂದೇ ದಿನದಲ್ಲಿ ಇದಕ್ಕಿಂತ ಹೆಚ್ಚೇ ಹತ್ತಿರುತ್ತಾರೆ. ಆದ್ದರಿಂದಲೇ ಲೆಕ್ಕ ತಪ್ಪುವುದು. ಏರು ಅಷ್ಟೇ ಇದ್ದರೂ ಅಲ್ಲಿ ಸಿಗುವ ಗಾಳಿ ಬೇರೆ.

ಮೊದಲಿಗೆ ಒಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ದೇಹದ ಕಸುವು ಬೇರೆ, ಎತ್ತರಕ್ಕೆ ಒಗ್ಗಿಕೊಳ್ಳುವುದು ಬೇರೆ. ಮೊದಲನೆಯದನ್ನು ಬೆಂಗಳೂರಿನಲ್ಲೇ ಗಳಿಸಬಹುದು, ಗಳಿಸಲೇಬೇಕು. ಎರಡನೆಯದು ಎತ್ತರದಲ್ಲಿ ದಿನ ಕಳೆದರೆ ಮಾತ್ರ ಬರುತ್ತದೆ. ಎಷ್ಟು ಓಡಿದರೂ, ಎಷ್ಟು ಭಾರ ಎತ್ತಿದರೂ ಎತ್ತರದ ಕಾಯಿಲೆ ಬರದಂತೆ ತಡೆಯಲು ಆಗುವುದಿಲ್ಲ. ಮ್ಯಾರಥಾನ್ ಓಡುವವರೂ 4,500 ಮೀಟರ್‌ನಲ್ಲಿ ತಲೆ ಹಿಡಿದುಕೊಂಡು ವಾಂತಿ ಮಾಡಿಕೊಳ್ಳುತ್ತಾರೆ. ಗಟ್ಟಿಮುಟ್ಟಾದವರಿಗೆ ಇನ್ನೂ ಒಂದು ಅಪಾಯವಿದೆ. ಕಾಲಿಗೆ ಶಕ್ತಿ ಇರುವುದರಿಂದ ಬೇಗ ಬೇಗ ಏರಿಬಿಡುತ್ತಾರೆ, ಒಳಗಿನ ದೇಹ ಆ ವೇಗಕ್ಕೆ ಇನ್ನೂ ಸಿದ್ಧವಾಗಿರುವುದಿಲ್ಲ.

ಎತ್ತರದಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ ಎನ್ನುತ್ತಾರೆ. ಪ್ರಮಾಣ ಎಲ್ಲ ಕಡೆಯೂ ಶೇ. 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. 5,500 ಮೀಟರ್‌ಗೆ ಹೋಗುವಷ್ಟರಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ, ಎವರೆಸ್ಟ್ ತುದಿಯಲ್ಲಿ ಮೂರರಲ್ಲಿ ಒಂದು ಭಾಗ. ಲಡಾಖಿನ ಎತ್ತರದ ರಸ್ತೆ ಖಾರ್ದುಂಗ್ ಲಾಗೆ ಹಳೆಯ ಕಾರ್ಬ್ಯುರೇಟರ್ ಬೈಕ್ ಓಡಿಸಿಕೊಂಡು ಹೋದವರಿಗೆ ಗೊತ್ತು, ಎಕ್ಸಲರೇಟರ್ ಪೂರ್ತಿ ತಿರುಗಿಸಿದರೂ ಗಾಡಿ ಎಳೆಯುವುದಿಲ್ಲ. ದೇಹದ ಗತಿಯೂ ಅದೇ. ಉಸಿರು ಎಷ್ಟೇ ಜೋರಾಗಿ ಎಳೆದರೂ ಒಂದೊಂದು ಉಸಿರಿನಲ್ಲಿ ಸಿಗುವುದು ಕಡಿಮೆ.

ದೇಹ ಒಂದು ನಿಮಿಷದಲ್ಲಿ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎನ್ನುವುದಕ್ಕೆ ಒಂದು ಅಳತೆ ಇದೆ, ವಿಓ2 ಮ್ಯಾಕ್ಸ್. 1,500 ಮೀಟರ್ ದಾಟಿದ ಮೇಲೆ ಪ್ರತಿ ನೂರು ಮೀಟರ್‌ಗೆ ಇದು ಸುಮಾರು ಶೇ. 1ರಷ್ಟು ಕುಗ್ಗುತ್ತದೆ. ಬೆಂಗಳೂರಿನಲ್ಲಿ ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಲೀಟರ್ ಇರುವವರಿಗೆ ಆರು ಸಾವಿರ ಮೀಟರ್‌ನಲ್ಲಿ ಉಳಿಯುವುದು 22ರ ಆಸುಪಾಸು. ಬೆನ್ನಿಗೆ ಚೀಲ, ಕಾಲಿಗೆ ಭಾರದ ಬೂಟು ಹಾಕಿಕೊಂಡು ಹಿಮದ ಏರಿನಲ್ಲಿ ನಿಧಾನವಾಗಿ ನಡೆಯುವುದಕ್ಕೇ ಅದರಲ್ಲಿ ಬಹುಪಾಲು ಖರ್ಚಾಗುತ್ತದೆ. 50 ಇಟ್ಟುಕೊಂಡು ಹೋದವರಿಗೂ ಅಷ್ಟೇ ಪಾಲು ಕಡಿತವಾಗುತ್ತದೆ, ಆದರೆ ಉಳಿದದ್ದರಲ್ಲಿ ಸ್ವಲ್ಪ ಕೈಯಲ್ಲಿರುತ್ತದೆ. ಹಗ್ಗಕ್ಕೆ ಕ್ಯಾರಬಿನರ್ (ಲೋಹದ ಕೊಂಡಿ) ಸರಿಯಾಗಿ ಹಾಕಲು, ಜೊತೆಯವರು ಕುಸಿದರೆ ಕೈಕೊಡಲು, ಹವೆ ಕೆಟ್ಟರೆ ಹಿಂತಿರುಗಲು ಬೇಕಾದದ್ದು ಆ ಉಳಿಕೆ. ನಾನು ತರಬೇತಿ ಕೊಡುವುದೇ ಅದಕ್ಕಾಗಿ.

ಆ ಉಳಿಕೆ ಬರುವುದು ನಿಧಾನದ ಅಭ್ಯಾಸದಿಂದ. ಇದನ್ನು ಒಪ್ಪಿಸುವುದೇ ನನ್ನ ಕೆಲಸದಲ್ಲಿ ಅತಿ ಕಷ್ಟದ ಭಾಗ. ಬೆವರು ಸುರಿದು, ಏದುಸಿರು ಬಂದು, ನೆಲಕ್ಕೆ ಕುಸಿದರೆ ಮಾತ್ರ ವ್ಯಾಯಾಮ ಎಂದು ಜಿಮ್‌ಗಳು ಕಲಿಸಿಬಿಟ್ಟಿವೆ. ಬೆಟ್ಟಕ್ಕೆ ಬೇಕಾದ್ದು ಬೇರೆಯದೇ. ಶಿಖರದ ದಿನ ಹನ್ನೆರಡು ಗಂಟೆ, ಕೆಲವೊಮ್ಮೆ ಹದಿನಾಲ್ಕು ಗಂಟೆ ಕಾಲು ನಡೆಯುತ್ತಲೇ ಇರಬೇಕು. ಸ್ನಾಯುಗಳಲ್ಲಿ ಶೇಖರವಾಗಿರುವ ಸಕ್ಕರೆ ಅಷ್ಟು ಹೊತ್ತಿಗೆ ಸಾಲುವುದಿಲ್ಲ, ದೇಹ ಕೊಬ್ಬನ್ನು ಉರಿಸಿಕೊಂಡು ನಡೆಯಲು ಕಲಿತಿರಬೇಕು. ಅದನ್ನು ಕಲಿಸುವುದು ಗಂಟೆಗಟ್ಟಲೆಯ ಹಗುರ ಶ್ರಮ. ಸ್ನಾಯುವಿನೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುವುದೂ, ಸಣ್ಣ ರಕ್ತನಾಳಗಳ ಬಲೆ ದಟ್ಟವಾಗುವುದೂ ಹೀಗೆಯೇ, ತಿಂಗಳುಗಟ್ಟಲೆ ಹಿಡಿದು.

ಹಗುರ ಎಂದರೆ ಎಷ್ಟು? ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಿಕೊಂಡು ಹೋಗಲು ಆಗಬೇಕು, ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಲು ಆಗಬೇಕು. ಕೈಗಡಿಯಾರ ತೋರಿಸುವ ಅಂಕಿಗಿಂತ ನಾನು ಈ ಪರೀಕ್ಷೆಯನ್ನೇ ಹೆಚ್ಚು ನಂಬುತ್ತೇನೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಈ ಮಿತಿಯೊಳಗೆ ಓಡಲು ಹೋದರೆ ಓಡಲಾಗುವುದೇ ಇಲ್ಲ, ನಡೆಯಬೇಕಾಗುತ್ತದೆ. ನಡೆಯಿರಿ. ಎರಡು ತಿಂಗಳಲ್ಲಿ ಅದೇ ಉಸಿರಿನಲ್ಲಿ ಓಟ ತಾನಾಗಿ ಬರುತ್ತದೆ. ವಾರದ ಐದು ಪಾಲಿನಲ್ಲಿ ನಾಲ್ಕು ಪಾಲು ಹೀಗಿರಲಿ, ಉಳಿದ ಒಂದು ಪಾಲಿನಲ್ಲಿ ಏದುಸಿರು ಬರುವಷ್ಟು ಏರು ಹತ್ತಿ. ಆರು ತಿಂಗಳ ಕಾಲಾವಕಾಶ ಇಟ್ಟುಕೊಂಡು ವಾರಕ್ಕೆ ನಾಲ್ಕೈದು ಗಂಟೆಯಿಂದ ಶುರುಮಾಡಿ, ಕೊನೆಯ ಹೊತ್ತಿಗೆ ಎಂಟು-ಹತ್ತು ಗಂಟೆಗೆ ಬನ್ನಿ. ಪ್ರತಿ ನಾಲ್ಕನೇ ವಾರ ಅರ್ಧ ಇಳಿಸಿ. ಅಭ್ಯಾಸದ ಫಲ ಮೈಗೆ ಹತ್ತುವುದು ವಿಶ್ರಾಂತಿಯಲ್ಲಿ.

ಇನ್ನು ಮೆಟ್ಟಿಲು. ಹತ್ತಿರದಲ್ಲಿ ಬೆಟ್ಟವಿಲ್ಲ ಎಂದು ಬೆಂಗಳೂರಿನವರು ಕೊರಗುತ್ತಾರೆ, ಊರ ತುಂಬ ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟ್‌ಗಳಿವೆ. ಮಹಡಿಗೆ ಮೂರು ಮೀಟರ್ ಎಂದಿಟ್ಟುಕೊಂಡರೆ ಇಪ್ಪತ್ತು ಮಹಡಿಗೆ ಅರವತ್ತು ಮೀಟರ್, ಹತ್ತು ಸಲ ಹತ್ತಿದರೆ ಆರುನೂರು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ, ಅವರಿಗೆ ಇನ್ನೇನು ಬೇಕು? ಮೊದಲ ಆರೆಂಟು ವಾರ ಬರಿಬೆನ್ನಿನಲ್ಲಿ ಹತ್ತಿ. ಆಮೇಲೆ ದೇಹದ ತೂಕದ ಹತ್ತನೇ ಒಂದು ಪಾಲು ಭಾರ ಬೆನ್ನುಚೀಲಕ್ಕೆ ತುಂಬಿಕೊಳ್ಳಿ. ಎರಡು ವಾರಕ್ಕೊಮ್ಮೆ ಒಂದೆರಡು ಕಿಲೋ ಸೇರಿಸುತ್ತಾ ಹದಿನೈದು ಕಿಲೋವರೆಗೆ ಹೋಗಬಹುದು. ಭಾರಕ್ಕೆ ಕಲ್ಲು, ಡಂಬೆಲ್ ಬೇಡ, ನೀರಿನ ಕ್ಯಾನ್ ಇಡಿ. ತುದಿಗೆ ಹೋಗಿ ಗಿಡಗಳಿಗೆ ನೀರು ಸುರಿದು ಹಗುರವಾಗಿ ಇಳಿಯಬಹುದು, ಮಂಡಿ ಉಳಿಯುತ್ತದೆ.

ಹಾಗೆಂದು ಇಳಿಯುವ ಅಭ್ಯಾಸವನ್ನು ಪೂರ್ತಿ ಬಿಡುವಂತಿಲ್ಲ. ಪ್ರತಿ ಸಲವೂ ಲಿಫ್ಟ್‌ನಲ್ಲಿ ಇಳಿಯುವವರು ಶಿಖರದಿಂದ ವಾಪಸಾಗುವಾಗ ಒದ್ದಾಡುವುದನ್ನು ಬೇಕಾದಷ್ಟು ಕಂಡಿದ್ದೇನೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರ ತಡೆಯಬೇಕು. ಈ ಬಗೆಯ ಕೆಲಸಕ್ಕೆ ಅಭ್ಯಾಸವಿಲ್ಲದ ದೇಹ ಒಂದೇ ದಿನದಲ್ಲಿ ನುಜ್ಜುಗುಜ್ಜಾಗುತ್ತದೆ, ಕುಮಾರ ಪರ್ವತ ಇಳಿದ ಮರುದಿನ ಮನೆಯ ಎರಡು ಮೆಟ್ಟಿಲು ಇಳಿಯಲು ಗೋಡೆ ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಳ್ಳೆಯ ಸುದ್ದಿ ಏನೆಂದರೆ ಒಂದು ಸಲ ಹಾಗೆ ನೊಂದ ಸ್ನಾಯು ಎರಡನೇ ಸಲ ಅಷ್ಟು ನೋಯುವುದಿಲ್ಲ, ಆ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಆದ್ದರಿಂದ ಹೊರಡುವ ಎರಡು ತಿಂಗಳ ಮೊದಲಿನಿಂದ ತಿಂಗಳಿಗೆ ಎರಡು ಸಲವಾದರೂ ಉದ್ದದ ಇಳಿಜಾರು ಇರಲಿ. ಸಾವನದುರ್ಗವೋ ಶಿವಗಂಗೆಯೋ ಶನಿವಾರ ಒಂದು, ಭಾನುವಾರ ಮತ್ತೊಂದು. ಎರಡನೇ ದಿನ ದಣಿದ ಕಾಲಿನಲ್ಲೇ ನಡೆಯುವುದು ಮುಖ್ಯ. ಕುಮಾರ ಪರ್ವತಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು, ಮಳೆಗಾಲದಲ್ಲಿ ಮುಚ್ಚಿರುತ್ತದೆ, ಬೇಸಿಗೆಯಲ್ಲೂ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚುವುದುಂಟು, ಆದ್ದರಿಂದ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಜಿಮ್ ಬೇಡವೇ? ವಾರಕ್ಕೆ ಎರಡು ಸಲ ಸಾಕು. ಒಂಟಿ ಕಾಲಿನ ಕೆಲಸಗಳು, ಬೆನ್ನು-ಹೊಟ್ಟೆಗೆ ಬೇಕಾದವು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸುವುದು. ಹಿಮದಲ್ಲಿ ಜಾರದಂತೆ ಬೂಟಿನ ಅಡಿಗೆ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್‌ನ ಮುಂದಿನ ಹಲ್ಲುಗಳ ಮೇಲೆ ನಿಲ್ಲುವಾಗ ಉರಿಯುವುದು ಮೀನಖಂಡವೇ. ಕಾಲಿಗೆ ಕಟ್ಟಿದ ಒಂದು ಕಿಲೋ ಬೆನ್ನ ಮೇಲಿನ ಒಂದು ಕಿಲೋಗಿಂತ ಹಲವು ಪಟ್ಟು ಹೆಚ್ಚು ಶಕ್ತಿ ತಿನ್ನುತ್ತದೆ, ಹಿಮದ ಬೂಟು ಮತ್ತು ಕ್ರ್ಯಾಂಪಾನ್ ಸೇರಿದರೆ ಮೂರು ಕಿಲೋ ದಾಟುತ್ತದೆ. ಮುಖಕ್ಕೆ ಕಟ್ಟಿಕೊಳ್ಳುವ ‘ಆಲ್ಟಿಟ್ಯೂಡ್ ಮಾಸ್ಕ್’ಗೆ ದುಡ್ಡು ಹಾಕಬೇಡಿ. ಅದು ಉಸಿರಿಗೆ ತಡೆ ಒಡ್ಡುತ್ತದೆ, ಒಳಗೆ ಹೋಗುವ ಗಾಳಿ ಬೆಂಗಳೂರಿನದೇ.

ಆ ದುಡ್ಡಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹೊರಡುವ ಮೂರು ತಿಂಗಳ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವುದು), ಬಿ12. ಎತ್ತರಕ್ಕೆ ಹೋದ ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡ ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನ್ ಹೆಚ್ಚಿಸಿ ‘ಕೆಂಪು ರಕ್ತಕಣ ಮಾಡು’ ಎಂದು ಮಜ್ಜೆಗೆ ಸೂಚನೆ ಕಳಿಸುತ್ತದೆ, ಮಾಡಲು ಕಬ್ಬಿಣವೇ ಇರದಿದ್ದರೆ ಮಜ್ಜೆ ಏನು ಮಾಡೀತು? ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ನಮ್ಮಲ್ಲಿ ತೀರಾ ಸಾಮಾನ್ಯ. ಎಷ್ಟು ಅಭ್ಯಾಸ ಮಾಡಿದರೂ ದಮ್ಮು ಬರುತ್ತಿಲ್ಲ ಎನ್ನುವವರಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬೇಡಿ. ನಲವತ್ತು ದಾಟಿದವರು, ಬಿಪಿ-ಸಕ್ಕರೆ ಇರುವವರು ಹೃದಯದ ವೈದ್ಯರನ್ನು ಕಂಡು ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಕೇಳಿ.

ತಿನ್ನುವುದನ್ನೂ ಅಭ್ಯಾಸ ಮಾಡಬೇಕು. ಮೇಲೆ ಹಸಿವು ಸಾಯುತ್ತದೆ, ಊಟ ಮುಂದಿಟ್ಟರೆ ವಾಕರಿಕೆ ಬರುತ್ತದೆ. ಉದ್ದದ ನಡಿಗೆಯ ದಿನ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳುವುದನ್ನು ರೂಢಿಸಿಕೊಳ್ಳಿ. ಕಡಲೆಬೀಜದ ಚಿಕ್ಕಿ, ಕೊಬ್ಬರಿ ಮಿಠಾಯಿ, ಒಗ್ಗರಣೆ ಅವಲಕ್ಕಿ, ಖರ್ಜೂರ, ನಾಲಿಗೆಗೆ ಯಾವುದು ಇಷ್ಟವೋ ಅದು. ಐದು ಸಾವಿರ ಮೀಟರ್‌ನಲ್ಲಿ ಪರದೇಶದ ಜೆಲ್ ಪೊಟ್ಟಣಕ್ಕಿಂತ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಹೆಚ್ಚು ಅನ್ನ ಇಳಿಸುತ್ತದೆ, ಇದು ನನ್ನ ಗಟ್ಟಿ ನಂಬಿಕೆ.

ಈಗ ಬೆಂಗಳೂರಿನಲ್ಲಿ ಆಗದ ಕೆಲಸ. ಲೇಹ್ ಇರುವುದು 3,500 ಮೀಟರ್‌ನಲ್ಲಿ, ವಿಮಾನ ನಮ್ಮನ್ನು ಕೆಲವೇ ಗಂಟೆಗಳಲ್ಲಿ ಅಲ್ಲಿ ತಂದು ನಿಲ್ಲಿಸುತ್ತದೆ. ಮೊದಲ ಎರಡು ದಿನ ಸುಮ್ಮನಿರಬೇಕು. ಉಸಿರಾಟ ತಾನಾಗಿ ಹೆಚ್ಚುತ್ತದೆ, ಮೂತ್ರಪಿಂಡ ರಕ್ತದ ಕ್ಷಾರವನ್ನು ಹೊರಹಾಕಿ ಅದಕ್ಕೆ ದಾರಿ ಮಾಡಿಕೊಡುತ್ತದೆ. ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು ದೇಹ ಒಗ್ಗಿಕೊಳ್ಳುತ್ತಿರುವುದರ ಗುರುತು, ಅದಕ್ಕೆ ಹೆದರಿ ನೀರು ಕುಡಿಯುವುದನ್ನು ಬಿಡಬೇಡಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ತಂಗಬೇಕು. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಬಂದು ಮಲಗುವುದು ಒಳ್ಳೆಯದು. ಟೂರ್ ಕಂಪನಿಯ ಪಟ್ಟಿಯಲ್ಲಿ ಶಿಖರದ ಚಿತ್ರ ನೋಡುವ ಮೊದಲು ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿಸುತ್ತಾರೆ ಎಂದು ನೋಡಿ. ಎರಡು ದಿನ ಕಡಿಮೆ, ಐದು ಸಾವಿರ ರೂಪಾಯಿ ಅಗ್ಗ ಎಂದರೆ ನಾನು ಬೇಡ ಎನ್ನುತ್ತೇನೆ.

ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ವಿಷಯವನ್ನು ವೈದ್ಯರ ಜೊತೆ ಮಾತಾಡಿ, ಸಲ್ಫಾ ಅಲರ್ಜಿ ಇದ್ದವರು ತಪ್ಪದೆ ಹೇಳಬೇಕು. ಅದು ಒಗ್ಗಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ, ಅದನ್ನು ನಂಬಿ ದಿನ ಕಡಿತಗೊಳಿಸುವಂತಿಲ್ಲ. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಆ ದಿನ ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಕಾಲ್ಬೆರಳು ತಾಗಿಸಿ ನೇರ ಗೆರೆಯ ಮೇಲೆ ನಡೆಯಲು ಹೇಳಿದಾಗ ತೂರಾಡಿದರೆ ಮಿದುಳು ಊದಿಕೊಳ್ಳುತ್ತಿರಬಹುದು. ಇವೆರಡಕ್ಕೂ ಬೆಳಗಾಗಲಿ ಎಂದು ಕಾಯಬಾರದು. ಆಮ್ಲಜನಕ, ಔಷಧ ಏನಿದ್ದರೂ ಕೊಡುತ್ತಲೇ ಕೆಳಗಿಳಿಸಬೇಕು, ಅದೂ ಒಬ್ಬರನ್ನೇ ಕಳಿಸದೆ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕ ಕರ್ನಾಟಕದ ಚಾರಣಿಗರ ತಂಡದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅವರ ತಯಾರಿಯ ಬಗ್ಗೆ ಇಲ್ಲಿ ಕೂತು ತೀರ್ಪು ಕೊಡುವುದು ತಪ್ಪು. ಆದರೆ ಆ ಸುದ್ದಿ ಬಂದ ಮೇಲೆ ನನ್ನ ಪಾಠದಲ್ಲಿ ಚಳಿಗೆ ಹೆಚ್ಚು ಜಾಗ ಸಿಕ್ಕಿದೆ. ಒದ್ದೆ ಬಟ್ಟೆ, ಗಾಳಿ, ಖಾಲಿ ಹೊಟ್ಟೆ, ದಣಿವು ಒಟ್ಟಿಗೆ ಸೇರಿದರೆ ನಾಲ್ಕು ಸಾವಿರ ಮೀಟರ್‌ನಲ್ಲೂ ಮೈ ಶಾಖ ಕಳೆದುಕೊಳ್ಳುತ್ತದೆ. ದಪ್ಪ ಕೈಗವಸು ಹಾಕಿಕೊಂಡೇ ಬೂಟಿನ ದಾರ ಕಟ್ಟುವುದು, ಕ್ರ್ಯಾಂಪಾನ್ ಬಿಗಿಯುವುದು, ಕತ್ತಲಲ್ಲಿ ಚೀಲದಿಂದ ಜಾಕೆಟ್ ತೆಗೆಯುವುದು ಇವನ್ನೆಲ್ಲ ಮನೆಯ ಟೆರೇಸಿನಲ್ಲೇ ರೂಢಿ ಮಾಡಿಕೊಳ್ಳಿ. ಬಿಡುವು ಸಿಕ್ಕರೆ ಉತ್ತರಕಾಶಿ, ಡಾರ್ಜಿಲಿಂಗ್ ಅಥವಾ ಮನಾಲಿಯ ಪರ್ವತಾರೋಹಣ ಸಂಸ್ಥೆಗಳಲ್ಲಿ ಬೇಸಿಕ್ ಕೋರ್ಸ್ ಮಾಡಿ. ಸುಮಾರು ನಾಲ್ಕು ವಾರ ರಜೆ ಬೇಕು, ಕಷ್ಟವೇ. ಹಿಮದ ಮೇಲೆ ಜಾರಿದಾಗ ಐಸ್ ಆಕ್ಸ್ (ಹಿಮಗೊಡಲಿ) ಊರಿ ನಿಲ್ಲುವುದನ್ನು ಯಾವ ಮೆಟ್ಟಿಲೂ ಕಲಿಸುವುದಿಲ್ಲ.

ಕೊನೆಯ ಎರಡು ವಾರ ಭಾರ ಕೆಳಗಿಡಿ, ಅಭ್ಯಾಸ ಅರ್ಧಕ್ಕೆ ಇಳಿಸಿ, ನಿದ್ದೆ ಹೆಚ್ಚಿಸಿ. ಬಿಟ್ಟುಹೋದದ್ದನ್ನು ಈ ಹದಿನೈದು ದಿನದಲ್ಲಿ ತುಂಬಿಕೊಳ್ಳುತ್ತೇನೆ ಎಂದು ಹೊರಟವರು ಮಂಡಿನೋವು ಹೊತ್ತು ವಿಮಾನ ಹತ್ತುತ್ತಾರೆ. ಹೊರಡುವ ಹೊತ್ತಿಗೆ ಜ್ವರ, ಎದೆಗೆ ಇಳಿದ ಕೆಮ್ಮು ಇದ್ದರೆ ಟಿಕೆಟ್ ಮುಂದಕ್ಕೆ ಹಾಕಿ. ಶ್ವಾಸಕೋಶದ ಸೋಂಕಿನ ಜೊತೆ ಎತ್ತರಕ್ಕೆ ಹೋದವರಿಗೆ ಅಲ್ಲಿ ನೀರು ತುಂಬುವ ಅಪಾಯ ಹೆಚ್ಚು. ದುಡ್ಡು ಹೋಗುತ್ತದೆ, ರಜೆ ಹಾಳಾಗುತ್ತದೆ, ಬೇಜಾರಾಗುತ್ತದೆ, ಎಲ್ಲ ನಿಜ. ಆದರೂ ಆ ವಾರ ಹೋಗಬೇಡಿ. ಆರು ತಿಂಗಳು ಕಟ್ಟಿದ ಕಸುವು ಮೂರ್ನಾಲ್ಕು ವಾರಕ್ಕೆಲ್ಲ ಕರಗಿಹೋಗುವುದಿಲ್ಲ, ವಾರಕ್ಕೆರಡು ದಿನ ಮೆಟ್ಟಿಲು ಹತ್ತಿಕೊಂಡಿದ್ದರೆ ಸೆಪ್ಟೆಂಬರ್‌ನ ತಂಡದ ಜೊತೆ ಹೊರಡಬಹುದು.