‘ರೋಗನಿರೋಧಕ ಶಕ್ತಿ’ ಅನ್ನೋ ಪದದಿಂದ ಆದ ತೊಂದರೆ

2021ರ ಮಳೆಗಾಲ. ಸಾಗರ ತಾಲ್ಲೂಕಿನ ಒಂದು ಮನೆಯ ಜಗಲಿಯಲ್ಲಿ ಕೂತಿದ್ದೆ. ಕಾಡಿನ ಉಣ್ಣೆ ಹುಳು ಕಚ್ಚಿ ಬರುವ ಜ್ವರ ಮಂಗನ ಕಾಯಿಲೆ. ಅದರ ಲಸಿಕೆ ಇನ್ನೂ ಕೊಡುತ್ತಿದ್ದ ಕಾಲ ಅದು. ಮೊದಲ ಡೋಸ್ ಹಾಕಿಸಿಕೊಂಡು ಎರಡನೆಯದಕ್ಕೆ ಬಾರದೇ ಉಳಿದವರನ್ನು ಹುಡುಕಿಕೊಂಡು ಆಶಾ ಕಾರ್ಯಕರ್ತೆಯ ಜೊತೆ ಹೊರಟಿದ್ದೆ. ಆ ಮನೆಯ ಯಜಮಾನರಿಗೆ ನಲವತ್ತರ ಹತ್ತಿರ ವಯಸ್ಸು, ಗಟ್ಟಿ ಆಳು. ಬಿಸಿ ಕಷಾಯ ಕೈಗೆ ಕೊಟ್ಟು, ಬಹಳ ಮರ್ಯಾದೆಯಿಂದಲೇ ಹೇಳಿದರು.

“ನೋಡಿ ಡಾಕ್ಟ್ರೇ, ದಿನಾ ಕಾಡಿಗೆ ಹೋಗಿ ಬರೋನು ನಾನು. ಸೊಪ್ಪು ತರ್ತೀನಿ, ತರಗು ತರ್ತೀನಿ. ಉಣ್ಣೆ ಎಷ್ಟು ಸಲ ಕಚ್ಚಿದೆಯೋ ಲೆಕ್ಕ ಇಲ್ಲ. ವರ್ಷಕ್ಕೊಂದು ಜ್ವರಾನೂ ಬರಲ್ಲ. ನನಗೆ ರೋಗನಿರೋಧಕ ಶಕ್ತಿ ಜಾಸ್ತಿ. ಈ ಸೂಜಿ ಶಕ್ತಿ ಇಲ್ಲದೋರಿಗೆ ಕೊಡಿ.”

ಆ ಪದವನ್ನು ಅವರಿಗೆ ಕಲಿಸಿದ್ದು ನಾವೇ, ಅಂದರೆ ವೈದ್ಯರು. ಕೋವಿಡ್ ಸಮಯದಲ್ಲಿ ಟಿವಿಯಲ್ಲಿ, ಕರಪತ್ರದಲ್ಲಿ, ಮೈಕಿನಲ್ಲಿ ದಿನಕ್ಕೆ ಹತ್ತು ಸಲ ಅದನ್ನೇ ಹೇಳಿದ್ದೆವು. ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ ಅಂತ. ಅವರು ಅದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ತಪ್ಪಿದ್ದದ್ದು ಪದದಲ್ಲಿ.

ಕನ್ನಡದಲ್ಲಿ ‘ಶಕ್ತಿ’ ಅಂದ ಕೂಡಲೇ ಏನು ಕಣ್ಣಿಗೆ ಬರುತ್ತದೆ? ತೋಳಿನ ಬಲ. ಉಂಡರೆ ಬರುತ್ತದೆ, ಉಪವಾಸ ಬಿದ್ದರೆ ಹೋಗುತ್ತದೆ. ಒಬ್ಬರಿಗೆ ಜಾಸ್ತಿ, ಇನ್ನೊಬ್ಬರಿಗೆ ಕಮ್ಮಿ. ಅಡಕೆ ಮೂಟೆ ಎತ್ತುವ ಶಕ್ತಿ ಇದ್ದವನಿಗೆ ಭತ್ತದ ಮೂಟೆ ಎತ್ತಲೂ ಅದೇ ಶಕ್ತಿ ಸಾಕು. ಹೀಗೆ ಯೋಚಿಸಿದರೆ, ಗಟ್ಟಿಮುಟ್ಟಾದ ಮನುಷ್ಯನಿಗೆ ಲಸಿಕೆ ಯಾಕೆ ಬೇಕು? ಅವರ ವಾದದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ, ಅಲ್ವಾ?

ಆದರೆ ಲಸಿಕೆ ಕೆಲಸ ಮಾಡುವ ಜಾಗದಲ್ಲಿ ಇರುವುದು ಬಲವಲ್ಲ. ಗುರುತು ಹಿಡಿಯುವುದು, ನೆನಪಿಟ್ಟುಕೊಳ್ಳುವುದು, ಇಷ್ಟೇ ಅಲ್ಲಿನ ಕೆಲಸ. ಅದೂ ಒಂದೊಂದು ರೋಗಕ್ಕೂ ಬೇರೆ ಬೇರೆ. ದಡಾರದ ನೆನಪು ಮಂಗನ ಕಾಯಿಲೆಗೆ ಆಗುವುದಿಲ್ಲ. ಡೆಂಗಿ ವೈರಸ್ಸು ಮಂಗನ ಕಾಯಿಲೆಯ ವೈರಸ್ಸಿಗೆ ದಾಯಾದಿ, ಎರಡೂ ಒಂದೇ ಕುಲದವು. ಹಾಗಿದ್ದರೂ ಡೆಂಗಿ ಬಂದು ಹೋದವರಿಗೆ ಮಂಗನ ಕಾಯಿಲೆ ಬರಲ್ಲ ಅಂತೇನಿಲ್ಲ.

ಊಟಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಪೌಷ್ಟಿಕತೆ ಇರುವ ಮಗುವಿಗೆ ಸೋಂಕು ಜೋರಾಗಿ ತಾಗುತ್ತದೆ, ನಿಜ. ಆದರೆ ಚೆನ್ನಾಗಿ ಉಂಡು ದುಡಿಯುವ ಮೈಗೆ, ತಾನು ಎಂದೂ ನೋಡದ ವೈರಸ್ಸಿನ ಗುರುತು ಕಷಾಯದಿಂದ ಸಿಗುವುದಿಲ್ಲ.

ಮಂಗನ ಕಾಯಿಲೆಯ ವೈರಸ್ಸಂತೂ ನಮ್ಮ ಶಿವಮೊಗ್ಗ ಜಿಲ್ಲೆಯದೇ ಒಂದು ಕಾಡಿನ ಹೆಸರು ಹೊತ್ತಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಬಂದರು. ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇನೋ ಅನ್ನುವ ಭಯ ಅವರಿಗೆ. ದಕ್ಷಿಣ ಅಮೆರಿಕದಲ್ಲಿ ಆ ಜ್ವರಕ್ಕೆ ಮಂಗಗಳು ಹೀಗೇ ಸಾಯುತ್ತಿದ್ದವು. ಪರೀಕ್ಷೆ ಮಾಡಿದಾಗ ಅದಲ್ಲ ಅಂತ ಗೊತ್ತಾಯಿತು. ಸಿಕ್ಕಿದ್ದು ಹೊಸ ವೈರಸ್ಸು, ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಹೆಸರು. ಸೊರಬದ ಶಾಲೆಗಳಲ್ಲಿ ಈ ಕಥೆ ಹೇಳಿದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು.

ಮಂಗ ಇದರಲ್ಲಿ ಅಪರಾಧಿಯಲ್ಲ. ಅದೂ ನಮ್ಮಂತೆ ಉಣ್ಣೆ ಕಚ್ಚಿಸಿಕೊಂಡ ಪ್ರಾಣಿ. ಸತ್ತ ಮಂಗದ ಮೈ ತಣ್ಣಗಾದಾಗ ಉಣ್ಣೆಗಳು ಉದುರಿ ಅಲ್ಲೇ ತರಗಿನಲ್ಲಿ ಕೂರುತ್ತವೆ. ಅಪಾಯ ಇರುವುದು ಆ ಜಾಗದಲ್ಲಿ. ನಮಗೆ ಹೆಚ್ಚಾಗಿ ಕಚ್ಚುವುದು ದೊಡ್ಡ ಉಣ್ಣೆಯೂ ಅಲ್ಲ, ಅದರ ಮರಿ. ಒಂದನ್ನು ಬಿಳಿ ಕಾಗದದ ಮೇಲೆ ಇಟ್ಟು ನೋಡಿದ್ದೇನೆ. ಗಸಗಸೆ ಕಾಳಿಗಿಂತ ಸ್ವಲ್ಪ ದೊಡ್ಡದು, ಎಳ್ಳಿಗಿಂತ ಚಿಕ್ಕದು. ಕಂದು ಬಣ್ಣ. ಎಂಟು ಕಾಲು. ನಡೆಯದೇ ಇದ್ದರೆ ಮಣ್ಣಿನ ಕಣ ಅಂದುಕೊಂಡು ಊದಿಬಿಡಬೇಕು, ಹಾಗಿರುತ್ತದೆ. ಮಳೆ ನಿಂತು ತರಗು ಒಣಗಿದ ಮೇಲೆ, ಅಂದಾಜು ನವೆಂಬರ್‌ನಿಂದ ಮೇ ವರೆಗೆ, ಇವುಗಳ ಕಾಲ. ನಮ್ಮ ಅಡಕೆ ಕೊಯ್ಲು, ತರಗು ಗುಡಿಸುವುದು, ಸೌದೆ ತರುವುದು ಎಲ್ಲ ಬರುವುದೂ ಅದೇ ತಿಂಗಳುಗಳಲ್ಲಿ.

ಸೋಂಕಿರುವ ಮರಿ ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ. ಇದ್ದಕ್ಕಿದ್ದ ಹಾಗೆ ಬರುತ್ತದೆ. ತಲೆ ಸಿಡಿತ, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾಗದ ನೋವು, ಕೆಲವರಿಗೆ ವಾಂತಿ, ಕೆಲವರಿಗೆ ಒಸಡಿನಿಂದ ಮೂಗಿನಿಂದ ರಕ್ತ. ರೋಗ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದ ಈ ಜ್ವರದ ಹಾವಳಿಯನ್ನು ಆ ಕಡೆಯವರು ಯಾರೂ ಮರೆತಿಲ್ಲ.

ಆ ಜ್ವರ ಯಾರದು ಅಂತ ನಾನು ಸಭೆಗಳಲ್ಲಿ ಕೇಳುತ್ತೇನೆ. “ವೈರಸ್ಸಿಂದು” ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ, ಜ್ವರ ನಿಮ್ಮದು. ವೈರಸ್ಸಿಗೆ ಬೆಂಕಿ ಹಚ್ಚುವುದು ಗೊತ್ತಿಲ್ಲ. ನಿಮ್ಮದೇ ಬಿಳಿ ರಕ್ತಕಣಗಳು ಏನೋ ಒಳಗೆ ಬಂದಿದೆ ಅಂತ ತಿಳಿದು ಕೆಲವು ರಾಸಾಯನಿಕ ಬಿಡುತ್ತವೆ. ಅದು ಮೆದುಳಿಗೆ ಮುಟ್ಟಿ, ಮೆದುಳು ಮೈ ಬಿಸಿ ಏರಿಸುತ್ತದೆ. ಇದು ಮೈಯ ಮೊದಲ ಉತ್ತರ. ಯಾವ ರೋಗ ಅಂತ ಇನ್ನೂ ಗುರುತು ಸಿಕ್ಕಿರುವುದಿಲ್ಲ, ಸುಮ್ನೆ ಊರಿಗೆಲ್ಲ ಕೂಗಿ ಹೇಳಿದ ಹಾಗೆ. ಗುರುತು ಸಿಗುವ ಕೆಲಸ ಆಮೇಲೆ, ನಿಧಾನವಾಗಿ, ಬೇರೆ ಕಡೆ ನಡೆಯುತ್ತದೆ.

ಅದನ್ನು ಹೇಳಲು ನಾನು ಮೊದಲೆಲ್ಲ ಯುದ್ಧದ ಕಥೆ ಬಳಸುತ್ತಿದ್ದೆ. ಸೈನಿಕರು, ಕೋಟೆ, ಶತ್ರು. ಎಲ್ಲರೂ ಹಾಗೇ ಹೇಳುತ್ತಾರೆ. ಈಗ ಬಿಟ್ಟುಬಿಟ್ಟಿದ್ದೇನೆ, ಯಾಕೆಂದರೆ ಅದೂ ಕೊನೆಗೆ ಬಲದ ಕಥೆಯೇ. ಸೈನ್ಯ ದೊಡ್ಡದಿದ್ದರೆ ಆಯಿತು ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ನನಗೆ ಸರಿಯಾದ ದಾರಿ ಸಿಕ್ಕಿದ್ದು ಅಡಕೆ ಸಸಿಯ ಮಡಿಯಲ್ಲಿ.

ತೋಟ ಮಾಡುವವರು ಸಿಕ್ಕ ಸಿಕ್ಕ ಅಡಕೆಯನ್ನು ಬೀಜಕ್ಕೆ ಹಾಕುವುದಿಲ್ಲ. ಒಳ್ಳೆಯ ತಾಯಿಮರ ನೋಡಿ, ಅದರಲ್ಲಿ ಚೆನ್ನಾಗಿ ಹಣ್ಣಾದದ್ದನ್ನೇ ಆರಿಸುತ್ತಾರೆ. ಮರಳಿನ ಮಡಿಯಲ್ಲಿ ಇಟ್ಟು ಮೊಳಕೆ ಬರಿಸುತ್ತಾರೆ. ಬಂದ ಸಸಿಗಳಲ್ಲೂ ಸೊರಗಿದ್ದನ್ನು ತೆಗೆದು ಗಟ್ಟಿಯಾದದ್ದನ್ನು ಉಳಿಸುತ್ತಾರೆ.

ನಿಮ್ಮ ಮೈಯಲ್ಲಿ ಹೆಚ್ಚು ಕಮ್ಮಿ ಹೀಗೇ ಆಗುತ್ತದೆ. ರಕ್ತದಲ್ಲಿ ಬಿ ಕಣ ಅಂತ ಒಂದು ಜಾತಿಯ ಬಿಳಿ ಕಣಗಳಿವೆ. ಅವುಗಳಲ್ಲಿ ಕೋಟಿಗಟ್ಟಲೆ ಬಗೆ. ಒಂದೊಂದರ ಹಿಡಿತವೂ ಬೇರೆ ಆಕಾರದ್ದು. ಮಂಗನ ಕಾಯಿಲೆಯ ವೈರಸ್ಸನ್ನು ಹಿಡಿಯಬಲ್ಲ ಆಕಾರದ ಕೆಲವು ಕಣಗಳು, ನೀವು ಆ ಕಾಡಿಗೆ ಕಾಲಿಡುವ ಮೊದಲೇ ನಿಮ್ಮಲ್ಲಿ ಇರುತ್ತವೆ. ಈ ಮಾತು ಹೇಳಿದಾಗ ಜನ ನಂಬುವುದಿಲ್ಲ. ನನಗೂ ಓದುವಾಗ ನಂಬಲು ಹೊತ್ತು ಹಿಡಿದಿತ್ತು. ಆದರೆ ಅವು ಬಹಳ ಕಮ್ಮಿ. ವೈರಸ್ಸು ಬಂದಾಗ ಯಾವ ಕಣದ ಹಿಡಿತಕ್ಕೆ ಅದು ಸಿಗುತ್ತದೋ ಆ ಕಣ ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಇದು ನಡೆಯುವುದು ಕಂಕುಳು, ಕುತ್ತಿಗೆ, ತೊಡೆಸಂದಿಯ ಗ್ರಂಥಿಗಳಲ್ಲಿ. ಜ್ವರ ಬಂದಾಗ ಗಳಲೆ ಕಟ್ಟಿದೆ ಅನ್ನುತ್ತೇವಲ್ಲ, ಅಲ್ಲಿ. ಆ ಗ್ರಂಥಿಯೊಳಗೆ ಕಣಗಳು ದಟ್ಟವಾಗಿ ಬೆಳೆಯುವ ಜಾಗಕ್ಕೆ ವಿಜ್ಞಾನಿಗಳು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ಮೊಳಕೆ ಕೇಂದ್ರ’ ಅಂತಲೇ ಆಗುತ್ತದೆ. ನಾನು ಹೊಸದಾಗಿ ಏನೂ ಕಟ್ಟಿ ಹೇಳುತ್ತಿಲ್ಲ.

ಆ ಮಡಿಯಲ್ಲಿ ಹುಟ್ಟುವ ಮರಿ ಕಣಗಳ ಹಿಡಿತದಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ. ವೈರಸ್ಸನ್ನು ಇನ್ನೂ ಗಟ್ಟಿಯಾಗಿ ಹಿಡಿಯುವುದು ಉಳಿಯುತ್ತದೆ, ಸಡಿಲ ಹಿಡಿಯುವುದು ಸಾಯುತ್ತದೆ. ತೋಟದಲ್ಲಿ ಆರಿಸುವವರು ನೀವು. ಇಲ್ಲಿ ಆರಿಸುವವರು ಯಾರೂ ಇಲ್ಲ, ಹಿಡಿತವೇ ತೀರ್ಮಾನ ಮಾಡುತ್ತದೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ ಅಂತ ಬಾಯಿಬಿಟ್ಟು ಹೇಳುತ್ತೇನೆ, ಇಲ್ಲದಿದ್ದರೆ ಒಳಗೆ ಯಾರೋ ಕೂತು ಆರಿಸುತ್ತಾರೆ ಅಂದುಕೊಳ್ಳುತ್ತಾರೆ.

ಉಳಿದ ಕಣಗಳಲ್ಲಿ ಒಂದು ಪಾಲು ಪ್ರತಿಕಾಯ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಪ್ರತಿಕಾಯ ಅಂದರೆ ಕವೆಗೋಲಿನ ಆಕಾರದ ಪುಟ್ಟ ಪ್ರೋಟೀನ್, ಕವೆಯ ಎರಡು ತುದಿಯಲ್ಲಿ ವೈರಸ್ಸನ್ನು ಹಿಡಿಯುತ್ತದೆ. ಇನ್ನೊಂದು ಪಾಲು ಏನೂ ಮಾಡದೆ ವರ್ಷಗಟ್ಟಲೆ ಕಾಯುತ್ತದೆ. ಬಿತ್ತನೆ ಬೀಜ ತೆಗೆದಿಟ್ಟ ಹಾಗೆ. ಅದೇ ನೆನಪು.

ಪ್ರತಿಕಾಯವನ್ನು ನಾವು ದಿನಾ ಕಣ್ಣಾರೆ ನೋಡುತ್ತೇವೆ, ಬಣ್ಣದ ರೂಪದಲ್ಲಿ. ಎಲೈಸಾ ಪರೀಕ್ಷೆಯ ತಟ್ಟೆ ಅಂಗೈಯಷ್ಟಗಲ ಇರುತ್ತದೆ. ಅದರಲ್ಲಿ 96 ಪುಟ್ಟ ಗುಳಿ. ಒಂದೊಂದು ಗುಳಿಗೂ ಒಬ್ಬೊಬ್ಬರ ರಕ್ತದ ತಿಳಿ. ತೊಳೆದು, ಕಾದು, ಮತ್ತೆ ತೊಳೆದು, ಕೊನೆಗೆ ಬಣ್ಣದ ದ್ರವ ಹಾಕುತ್ತೇವೆ. ಪ್ರತಿಕಾಯ ಇದ್ದ ಗುಳಿ ಮೆಲ್ಲಗೆ ನೀಲಿಯಾಗುತ್ತದೆ. ಆಮ್ಲದ ಹನಿ ಬಿದ್ದ ಕೂಡಲೇ ನೀಲಿ ಹೋಗಿ ಅರಿಶಿನ ಕದಡಿದ ಹಾಗೆ ಹಳದಿ. ಪಕ್ಕದ ಗುಳಿ ನೀರಿನ ಹಾಗೇ ತಿಳಿಯಾಗಿ ಉಳಿಯುತ್ತದೆ. ಆ ಹಳದಿ ನೋಡುವಾಗ ಒಂದು ಮನೆಯ ಜಗಲಿ ನೆನಪಾಗುತ್ತದೆ ನನಗೆ.

“ಮೊನ್ನೆ ತಾನೇ ರಕ್ತ ತಗೊಂಡ್ರಿ, ಮತ್ತೆ ಯಾಕೆ?” ಅಂತ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಮಡಿಯ ವಿಷಯ ತಿಳಿದರೆ ಇದು ತಾನಾಗಿ ಅರ್ಥವಾಗುತ್ತದೆ. ಜ್ವರದ ಮೊದಲ ದಿನಗಳಲ್ಲಿ ಸಸಿ ಇನ್ನೂ ಎದ್ದಿರುವುದಿಲ್ಲ, ಪ್ರತಿಕಾಯ ಹುಡುಕಿದರೆ ಸಿಗುವುದಿಲ್ಲ. ಆಗ ವೈರಸ್ಸನ್ನೇ ಹುಡುಕಬೇಕು, ಅದು ಪಿಸಿಆರ್. ಐದಾರು ದಿನ ಕಳೆದ ಮೇಲೆ ವೈರಸ್ಸು ಕಮ್ಮಿಯಾಗುತ್ತಾ ಪ್ರತಿಕಾಯ ಏರುತ್ತದೆ, ಆಗ ಎಲೈಸಾ. ಹಾಗಾಗಿ ಜ್ವರ ಯಾವತ್ತು ಶುರುವಾಯಿತು ಅನ್ನುವ ಒಂದು ತಾರೀಖು ನಮಗೆ ಬಹಳ ಬೆಲೆಯದು. ದಯವಿಟ್ಟು ಅದನ್ನು ಅಂದಾಜಿನಲ್ಲಿ ಹೇಳಬೇಡಿ.

ಇನ್ನು ಲಸಿಕೆ. ಹಳೆಯ ಲಸಿಕೆ ಅಂದರೆ ಫಾರ್ಮಾಲಿನ್‌ನಿಂದ ಸಾಯಿಸಿದ ವೈರಸ್ಸು. ರೋಗ ಬರಿಸದೆ ಗುರುತು ಮಾತ್ರ ತೋರಿಸುವುದು ಅದರ ಕೆಲಸ. ಸತ್ತ ವೈರಸ್ಸು ಮೈಯಲ್ಲಿ ಬೆಳೆಯುವುದಿಲ್ಲ, ಒಂದು ಸಲ ತೋರಿಸಿದರೆ ಮಡಿಯಲ್ಲಿ ಏಳುವ ಸಸಿ ಕಮ್ಮಿ. ಅದಕ್ಕೇ ತಿಂಗಳು ಬಿಟ್ಟು ಎರಡನೆಯ ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಸೂಜಿ ತುಂಬಾ ನೋಯುತ್ತಿತ್ತು. ಒಂದಕ್ಕೇ ನಿಲ್ಲಿಸಿದವರು ಬಹಳ. ಅವರನ್ನು ನಾನು ಬೈಯುವುದಿಲ್ಲ. ಒಂದು ಏಕೆ ಸಾಲದು ಅಂತ ಅವರಿಗೆ ಯಾರೂ ಕೂತು ಹೇಳಿರಲಿಲ್ಲ.

ಎರಡು ಡೋಸ್ ಆದವರಿಗೂ ಕೆಲವರಿಗೆ ರೋಗ ಬಂತು. ಅದರಿಂದ ಲಸಿಕೆಯೇ ಸುಳ್ಳು ಅನ್ನುವ ಮಾತು ಹಬ್ಬಿತು. ಇಲ್ಲಿ ಲೆಕ್ಕವನ್ನು ಮುಚ್ಚಿಡದೆ ಹೇಳುವುದೇ ಒಳ್ಳೆಯದು. ಕರ್ನಾಟಕದಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸ್‌ನ ಪರಿಣಾಮ ಶೇಕಡ 62.4, ಬೂಸ್ಟರ್ ಸೇರಿದರೆ ಶೇಕಡ 82.9. ಶೇಕಡ ಅಂದರೆ ಯಾರ ತಲೆಗೂ ಹೋಗುವುದಿಲ್ಲ. ಹೀಗೆ ಹೇಳಿದರೆ ಹೋಗುತ್ತದೆ: ಲಸಿಕೆ ಇಲ್ಲದ ಕಡೆ 100 ಜನರಿಗೆ ರೋಗ ಬರುವ ಹೊತ್ತಿಗೆ, ಅಷ್ಟೇ ಜನ ಇದ್ದು ಎಲ್ಲರೂ ಎರಡು ಡೋಸ್ ಹಾಕಿಸಿದ ಕಡೆ ಸುಮಾರು 38 ಜನರಿಗೆ ಬರುತ್ತದೆ. ಬೂಸ್ಟರ್ ಕೂಡ ಆಗಿದ್ದರೆ 17 ಜನರಿಗೆ. ಆ 38ರಲ್ಲಿ ನಿಮ್ಮ ಅಣ್ಣ ಇದ್ದರೆ ನಿಮಗೆ ಕಾಣುವುದು ಅವನೊಬ್ಬನೇ. ರೋಗ ಬಾರದೇ ಉಳಿದ 62 ಜನ ಯಾರು ಅಂತ ಅವರಿಗೇ ಗೊತ್ತಾಗುವುದಿಲ್ಲ.

2022ರಲ್ಲಿ ಆ ಲಸಿಕೆ ಕೊಡುವುದು ನಿಂತಿತು. ಹೊಸದರ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೈಗೆತ್ತಿಕೊಂಡಿದೆ. “ಹಳೇದು ಹಾಕಿಸ್ಕೊಂಡಿದ್ದೆ, ಈಗಲೂ ಇರುತ್ತಾ?” ಅಂತ ಕೇಳುತ್ತಾರೆ. ವರ್ಷ ವರ್ಷ ನೆನಪಿಸಬೇಕಾಗಿದ್ದ ಲಸಿಕೆ ಅದು. ಅದನ್ನು ನಂಬಿಕೊಂಡು ಕಾಡಿಗೆ ಹೋಗಬೇಡಿ. ಉಣ್ಣೆ ಹತ್ತಿರ ಬಾರದಂತೆ ತಡೆಯುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಮೈ ತುಂಬ ಬಟ್ಟೆ ಇರಲಿ. ಬಂದ ಮೇಲೆ ಬಟ್ಟೆಯನ್ನು ಬಿಸಿ ನೀರಿಗೆ ಹಾಕಿ, ಬಿಸಿ ನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ.

ಜಗಲಿಯಲ್ಲಿ ಸಿಕ್ಕ ಆ ಯಜಮಾನರಿಗೆ ಆ ವರ್ಷ ಜ್ವರ ಬರಲಿಲ್ಲ. “ನೋಡಿದ್ರಾ, ಶಕ್ತಿ” ಅಂದರು ಮುಂದಿನ ಸಲ. ಕಚ್ಚಿದ ಉಣ್ಣೆಗಳಲ್ಲೆಲ್ಲ ವೈರಸ್ಸು ಇರುವುದಿಲ್ಲ ಅಂತ ಹೇಳಿದೆ. ಅವರು ನಕ್ಕು ಕಷಾಯ ಕೊಟ್ಟರು. ಹೊಸ ಲಸಿಕೆ ಬಂದ ದಿನ ಮೊದಲು ಅವರ ಮನೆಗೇ ಹೋಗುವವಳು ನಾನು.

ಕಳೆದ ದೀಪಾವಳಿ ಆದ ಮೇಲೆ ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ಅಡಕೆ ಸುಲಿಯುವ ಹೆಂಗಸರ ಜೊತೆ ಕೂತು ಈ ಮಡಿಯ ಕಥೆ ಹೇಳಿದೆ. ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಕೇಳುತ್ತಿದ್ದ ಒಬ್ಬ ಅಜ್ಜಿ ಕೊನೆಗೆ ಕೈ ನಿಲ್ಲಿಸಿ ಕೇಳಿದರು.

“ಹಂಗಾರೆ ಹೊಸ ಸೂಜಿ ಬಂದ್ರೆ ನೀವು ಅದನ್ನ ಮಳೆಗಾಲದಲ್ಲೇ ತರ್ಬೇಕಲ್ವಾ? ಸಸಿ ಏಳೋಕೆ ಟೈಮ್ ಬೇಕು ಅಂತೀರಿ. ಕೊಯ್ಲಿಗೆ ಬಂದ್ರೆ ಏನು ಬಂತು?”

ಹೌದಜ್ಜಿ, ಆಗಸ್ಟ್‌ಗೇ ತರಬೇಕು ಅಂದೆ. ಅವರು ಬೆರಳು ಮಡಚಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಎಣಿಸಿ, “ಸರಿ ಆಗ್ತದೆ” ಅಂತ ಮತ್ತೆ ಸುಲಿಯಲು ಶುರು ಮಾಡಿದರು.