ಮುರಕಲ್ಲಿನ ಗೋಡೆ: ಫೋಟೋದಿಂದ ಅಕ್ರಿಲಿಕ್‌ಗೆ ಹೋಗುವಾಗ ಬೂದು ಮಾಡುವ ಹಂತ

ಕಾಸರಗೋಡಿನ ಬೇಕಲ ಕೋಟೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ಫೋಟೋ ತೆಗೆದು, ಗಿಂಪ್‌ ಎಂಬ ಉಚಿತ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತಿದ್ದಿ, ಮುದ್ರಿಸಿ, ಅದರ ಮೇಲೆ ಅಕ್ರಿಲಿಕ್ ಬಣ್ಣ ಹಚ್ಚುವ ಕ್ರಮ ಇದು. ಕಂಪ್ಯೂಟರಿಗೆ ಇಲ್ಲಿ ಒಂದೇ ಕೆಲಸ: ಎಲ್ಲಿ ಬೆಳಕು, ಎಲ್ಲಿ ನೆರಳು ಎಂದು ಗೆರೆ ಎಳೆದುಕೊಡುವುದು. ಬಣ್ಣದ ಯಜಮಾನಿಕೆ ಕುಂಚದ್ದು. ಪೇಂಟಿಂಗ್‌ನಂತೆ ಕಾಣಿಸುವ ಫಿಲ್ಟರ್ ಮೊದಲೇ ಹಾಕಿಬಿಟ್ಟರೆ ಕುಂಚಕ್ಕೆ ಕೆಲಸವೇ ಉಳಿಯುವುದಿಲ್ಲ.

ಫೋಟೋ

ಆಟಿ ತಿಂಗಳ, ಅಂದರೆ ಮಳೆಗಾಲದ, ಮೋಡದ ಬೆಳಕು ಸಾಕು. ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ (4000 × 3000) ಎ3 ಹಾಳೆಯಲ್ಲಿ ಇಂಚಿಗೆ ಸುಮಾರು 240 ಪಿಕ್ಸೆಲ್ ಕೊಡುತ್ತದೆ. ಅಷ್ಟು ಸಾಕು, ಮೇಲೆ ಹೇಗೂ ಬಣ್ಣ ಬರುತ್ತದೆ.

ಬೂದು ಮಾಡುವುದು

ಎಲ್ಲರೂ ಎಡವುವ ಜಾಗ ಇದು. ಮಳೆಗಾಲದ ಗೋಡೆಯಲ್ಲಿ ಎರಡೇ ಬಣ್ಣ: ಕೆಂಪು ಕಲ್ಲು, ಹಸಿರು ಪಾಚಿ. ಕಂಪ್ಯೂಟರ್ ಪ್ರತಿ ಬಣ್ಣವನ್ನೂ ಕೆಂಪು, ಹಸಿರು, ನೀಲಿಯ ಮೂರು ಅಂಕಿಗಳಲ್ಲಿ (0ರಿಂದ 255) ಬರೆಯುತ್ತದೆ. ಕಲ್ಲು (160, 80, 60), ಪಾಚಿ (80, 130, 60) ಎಂದಿಟ್ಟುಕೊಳ್ಳಿ. ಬಣ್ಣ ತೆಗೆದು ಬೂದು ಮಾಡುವ ಡಿಸ್ಯಾಚುರೇಟ್‌ನಲ್ಲಿ ‘ಲೈಟ್‌ನೆಸ್’ ಆರಿಸಿದರೆ ಅದು ದೊಡ್ಡ ಅಂಕಿ, ಸಣ್ಣ ಅಂಕಿ ಕೂಡಿಸಿ ಅರ್ಧ ಮಾಡುತ್ತದೆ, ಅಷ್ಟೇ. ಕಲ್ಲಿಗೆ 110, ಪಾಚಿಗೆ 95. ಅಂದರೆ ಕಲ್ಲೇ ಬೆಳ್ಳಗೆ! ಫೋಟೋಶಾಪ್‌ನ ಡಿಸ್ಯಾಚುರೇಟ್ ಮಾಡುವುದೂ ಇದನ್ನೇ.

ಆದರೆ ನಮ್ಮ ಕಣ್ಣಿಗೆ ಹಸಿರು ಹೆಚ್ಚು ಹೊಳೆಯುತ್ತದೆ. ಗಿಂಪ್‌ನ ‘ಲೂಮಾ’ ಈ ಲೆಕ್ಕ ಇಡುತ್ತದೆ: ಕೆಂಪಿಗೆ 0.22, ಹಸಿರಿಗೆ 0.72, ನೀಲಿಗೆ 0.06. ಗುಣಿಸಿ ಕೂಡಿಸಿದರೆ ಕಲ್ಲು 96, ಪಾಚಿ 115. ಕ್ರಮವೇ ತಲೆಕೆಳಗು. ಲೈಟ್‌ನೆಸ್ ನಂಬಿ ಬಣ್ಣ ಬೆರೆಸಿದವರ ಗೋಡೆಯಲ್ಲಿ ಪಾಚಿ ತೂತಿನಂತೆ ಕಾಣುವುದು ಇದೇ ಕಾರಣಕ್ಕೆ.

ಸರಿ, ಲೂಮಾ ಆರಿಸಿದಿರಿ. ಈಗ ಪೋಸ್ಟರೈಸ್ (ಬೂದಿನ ಛಾಯೆಗಳನ್ನು ಕೆಲವೇ ಹಂತಕ್ಕೆ ಇಳಿಸುವುದು) 4 ಹಂತ. ಕಲ್ಲು, ಪಾಚಿ ಎರಡೂ ಒಂದೇ ಬೂದು! ಯಾಕೆಂದರೆ 4 ಹಂತದ ಗಡಿಗಳು ಸುಮಾರು 43, 128, 213ರಲ್ಲಿ ಬೀಳುತ್ತವೆ. 96, 115 ಎರಡೂ ಒಂದೇ ಹೊಲದೊಳಗೆ. ಹಂತ ಹೆಚ್ಚಿಸುವುದು ಮದ್ದಲ್ಲ, ಗೋಡೆ ಚೂರುಚೂರಾಗುತ್ತದೆ. ಪೋಸ್ಟರೈಸ್‌ಗೆ ಮೊದಲು, ಬೆಳಕು-ಕತ್ತಲು ಹೊಂದಿಸುವ ಲೆವೆಲ್ಸ್‌ನಲ್ಲಿ ನಡುವಿನ ಅಂಕಿಯನ್ನು 1ರಿಂದ 1.27ಕ್ಕೆ ಏರಿಸಿ. ಕಲ್ಲು 118, ಪಾಚಿ 136 ಆಗುತ್ತದೆ. ಗಡಿ ನಡುವೆ ಬಂತು. ನಿಮ್ಮ ಫೋಟೋದ ಅಂಕಿ ಬೇರೆ ಇರುತ್ತದೆ, ಬಣ್ಣದ ಅಂಕಿ ತೋರಿಸುವ ಕಲರ್ ಪಿಕರ್‌ನಿಂದ ಓದಿಕೊಳ್ಳಿ. ಕಣ್ಣಂದಾಜು ಬೇಡ.

ಇನ್ನೊಂದು: ಮುರಕಲ್ಲಿನ ಮೈಯೆಲ್ಲ ತೂತು. ಪೋಸ್ಟರೈಸ್‌ಗೆ ಮೊದಲೇ ಚಿತ್ರ ಮಸುಕು ಮಾಡುವ ಗಾಸಿಯನ್ ಬ್ಲರ್ 8–12 ಪಿಕ್ಸೆಲ್ ಕೊಡದಿದ್ದರೆ ಪ್ರತಿ ತೂತೂ ಒಂದು ಕಪ್ಪು ಚುಕ್ಕೆಯಾಗುತ್ತದೆ. ಆ ತೂತುಗಳನ್ನು ಆಮೇಲೆ ಒಣ ಕುಂಚದಲ್ಲಿ ಎಬ್ಬಿಸುವುದೇ ಚಂದ.

ಮುದ್ರಣ, ಬಣ್ಣ

ಹೊಳಪಿನ ಫೋಟೋ ಕಾಗದ ಬೇಡ, ಅಕ್ರಿಲಿಕ್ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ. 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಗಿಂತ ದಪ್ಪದ, ಹೊಳಪಿಲ್ಲದ ಮ್ಯಾಟ್ ಕಾಗದ ತೆಗೆದುಕೊಂಡು ನಾಲ್ಕೂ ಬದಿ ಹಲಗೆಗೆ ಟೇಪ್ ಹಾಕಿ. ಲೇಸರ್ ಪ್ರಿಂಟಿನ ಟೋನರ್ ನೀರಿಗೆ ಕರಗುವುದಿಲ್ಲ. ಇಂಕ್‌ಜೆಟ್‌ನ ಡೈ ಶಾಯಿ ಕರಗಿ ಬಿಳಿ ಬಣ್ಣಕ್ಕೂ ಹತ್ತುತ್ತದೆ. ಅಂಗಡಿಯವರನ್ನು ಕೇಳುವುದಕ್ಕಿಂತ ಅಂಚಿಗೆ ಒದ್ದೆ ಹತ್ತಿ ಒತ್ತಿ ನೋಡುವುದೇ ಬೇಗ.

ಬರ್ಂಟ್ ಸಿಯೆನಾ ಕಲ್ಲಿಗೆ. ಯೆಲ್ಲೋ ಓಕರ್‌ಗೆ ಚೂರು ಅಲ್ಟ್ರಾಮರೀನ್ ಸೇರಿಸಿದರೆ ಪಾಚಿ. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಗಾಢವಾಗುವುದರಿಂದ ಪ್ರಿಂಟಿನ ಬೂದಿಗಿಂತ ತುಸು ತಿಳಿಯಾಗಿ ಬೆರೆಸಿ.

ಒದ್ದೆ ಹತ್ತಿಗೆ ಶಾಯಿ ಅಂಟಿದರೆ, ಬಣ್ಣ ಹಚ್ಚುವ ಮೊದಲು ಸ್ಪ್ರೇ ವಾರ್ನಿಶ್ ತೆಳ್ಳಗೆ 2–3 ಸಲ, ಪ್ರತಿ ಸಲ ಒಣಗಿದ ಮೇಲೆ. ಮಳೆ ಸುರಿಯುವಾಗ ಹೊಡೆಯಬೇಡಿ; ತೇವಕ್ಕೆ ವಾರ್ನಿಶ್ ಬಿಳಿಚಿಕೊಳ್ಳುತ್ತದೆ.