ಟಾರ್ಕ್ ಪಾನಾ: ತಿದ್ದುವ ಮೊದಲಿನ ಅಂಕಿ

ಹೋದ ಮೇ ತಿಂಗಳ ಒಂದು ಮಧ್ಯಾಹ್ನ ದಾವಣಗೆರೆಯ ಹೊರಗೆ ಹೈವೇ ಬದಿ ಗ್ಯಾರೇಜ್ ಇಟ್ಟಿರುವ ಯಜಮಾನರೊಬ್ಬರು ಗೋಣಿಚೀಲದಲ್ಲಿ ಸುತ್ತಿದ ಟಾರ್ಕ್ ಪಾನಾ ತಂದು ನನ್ನ ಮೇಜಿನ ಮೇಲಿಟ್ಟರು. ಬೋಲ್ಟನ್ನು ನಾವು ಇಟ್ಟ ಅಂಕಿಯಷ್ಟು ಬಿಗಿದ ಕೂಡಲೇ ಟಕ್ ಎಂದು ಬಿಡುವ ಪಾನಾ ಅದು. ಆ ಅಂಕಿ ಸರಿಯೇ ಎಂದು ಅಳೆದು ನೋಡುವುದು, ಅಂದರೆ ಕ್ಯಾಲಿಬ್ರೇಶನ್, ನನ್ನ ಕೆಲಸ. "ಅಣ್ಣಾ, ನಾಳೆ ಆಡಿಟ್ ಐತಿ. ಒಂದು ಸ್ಟಿಕ್ಕರ್ ಹಚ್ಚಿ ಕೊಡ್ರಿ, ಅಷ್ಟು ಸಾಕು" ಅಂದರು. ಈಗ ಎಷ್ಟಕ್ಕೆ ಬಿಡ್ತದೆ ನೋಡೋಣ ತಡೀರಿ ಅಂದೆ. "ಅದೇನು ನೋಡೋದು, ಟಕ್ ಅಂತ ಚೆಂದಾಗೇ ಅಂತೈತಲ್ಲ" ಎಂದರು.

ತೊಂದರೆ ಇರುವುದು ಆ ಶಬ್ದದಲ್ಲೇ. ಪಾನಾ ಸರಿ ಇದ್ದಾಗ ಹೇಗೆ ಟಕ್ ಅನ್ನುತ್ತದೋ, ಹದಿನೈದು ನ್ಯೂಟನ್ ಮೀಟರ್ (ತಿರುಚುವ ಬಲದ, ಅಂದರೆ ಟಾರ್ಕಿನ ಅಳತೆ) ತಪ್ಪಿದಾಗಲೂ ಹಾಗೇ ಅನ್ನುತ್ತದೆ. ಸ್ಕ್ರೂಡ್ರೈವರ್ ತುದಿ ಸವೆದರೆ ಕಣ್ಣಿಗೆ ಕಾಣುತ್ತದೆ, ರಿಂಗ್ ಸ್ಪ್ಯಾನರ್ ಬಾಯಿ ಅಗಲವಾದರೆ ಕೈಗೆ ಗೊತ್ತಾಗುತ್ತದೆ. ಟಾರ್ಕ್ ಪಾನಾ ಕೆಟ್ಟದ್ದು ಕಿವಿಗೂ ತಿಳಿಯದು, ಕೈಗೂ ತಿಳಿಯದು. ಇನ್ನೊಂದು ನಂಬಿಕಸ್ಥ ಅಳತೆಯ ಜೊತೆ ಹೋಲಿಸಿದಾಗ ಮಾತ್ರ ಗೊತ್ತಾಗುತ್ತದೆ.

ಒಳಗಿನ ಕೆಲಸ ಬಹಳ ಸರಳ. ಕೊಳವೆಯಂಥ ಹಿಡಿಯೊಳಗೆ ಒಂದು ಗಟ್ಟಿ ಸ್ಪ್ರಿಂಗ್ ಇದೆ. ಹಿಡಿ ತಿರುವಿ 120ಕ್ಕೆ ಸೆಟ್ ಮಾಡುವುದೆಂದರೆ ಆ ಸ್ಪ್ರಿಂಗನ್ನು ಅಷ್ಟರಮಟ್ಟಿಗೆ ಒತ್ತುವುದು. ಸ್ಪ್ರಿಂಗಿನ ಮುಂದೆ ಕೂತ ಚಿಕ್ಕ ಉಕ್ಕಿನ ತುಂಡು ಪಾನಾ ತಲೆಯ ಬಾಲವನ್ನು ತಡೆದು ಹಿಡಿದಿರುತ್ತದೆ. ನಾವು ಎಳೆಯುವ ಬಲ ಸ್ಪ್ರಿಂಗಿನ ಒತ್ತಡವನ್ನು ಮೀರಿದ ಕ್ಷಣ ಆ ತುಂಡು ವಾಲುತ್ತದೆ, ಬಾಲ ಹೋಗಿ ಕೊಳವೆಯ ಗೋಡೆಗೆ ಬಡಿಯುತ್ತದೆ. ನಾವು ಕೇಳುವ ಟಕ್ ಅದು. ಅಂದರೆ ಎಲ್ಲ ನಿಂತಿರುವುದು ಸ್ಪ್ರಿಂಗಿನ ಮೇಲೆ, ಆ ತುಂಡು ಜಾರುವ ಜಾಗದ ನುಣುಪಿನ ಮೇಲೆ, ಅಲ್ಲಿರುವ ಗ್ರೀಸಿನ ಮೇಲೆ.

ಯಜಮಾನರದು 40ರಿಂದ 200 ನ್ಯೂಟನ್ ಮೀಟರ್‌ವರೆಗಿನ ಪಾನಾ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6789ರ ಪ್ರಕಾರ ಇಂಥದ್ದನ್ನು ಗರಿಷ್ಠದ ಶೇ 20, 60, 100ರಲ್ಲಿ ನೋಡಬೇಕು. ಇದಕ್ಕೆ ಅದು 40, 120, 200 ಆಯಿತು. 10 ನ್ಯೂಟನ್ ಮೀಟರ್‌ಗಿಂತ ದೊಡ್ಡ ಕ್ಲಿಕ್ ಪಾನಾಗಳಿಗೆ ಶೇ 4ರಷ್ಟು ಹೆಚ್ಚುಕಡಿಮೆಗೆ ಅವಕಾಶ ಉಂಟು. 120ಕ್ಕೆ ಇಟ್ಟಾಗ ಸುಮಾರು 115ರಿಂದ 125ರ ಒಳಗೆ ಬಿಟ್ಟರೆ ಪಾಸು. ಕೋಣೆಯ ಉಷ್ಣಾಂಶ 18ರಿಂದ 28 ಡಿಗ್ರಿಯೊಳಗೆ ಇರಬೇಕು. ಮೇ ತಿಂಗಳಲ್ಲಿ ನಮ್ಮೂರಿನ ತಗಡಿನ ಶೆಡ್ಡಿನಿಂದ ಬೈಕಿನ ಮೇಲೆ ಬಂದ ಪಾನಾ ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಹಾಗಾಗಿ ತಂದ ಕೂಡಲೇ ಟಾರ್ಕ್ ಅಳೆಯುವ ಬೆಂಚಿಗೆ ಹಾಕುವುದಿಲ್ಲ. ಕೋಣೆಯಲ್ಲಿ ತಣ್ಣಗಾಗಲು ಬಿಡುತ್ತೇನೆ. ಯಜಮಾನರಿಗೆ ಅದು ಸಮಾಧಾನವಾಗಲಿಲ್ಲ, ಆದರೂ ಕೂತರು.

ಸಂಜೆ ಬೆಂಚಿಗೆ ಹಾಕಿದೆ. ಮೊದಲು ಗರಿಷ್ಠಕ್ಕೆ ಇಟ್ಟು ಐದು ಸಲ ಬಿಡಿಸಬೇಕು, ಅದು ಲೆಕ್ಕಕ್ಕಿಲ್ಲ. ಒಳಗೆ ಕಟ್ಟಿಕೊಂಡ ಗ್ರೀಸ್ ಹರಡಲಿ ಎಂದು ಮಾಡುವುದು. ಬಹಳ ದಿನ ಮಲಗಿದ್ದ ಪಾನಾ ಮೊದಲ ಟಕ್ಕನ್ನು ಹೆಚ್ಚು ಬಲಕ್ಕೆ ಕೊಡುತ್ತದೆ. ನಾನು ಆ ಮೊದಲ ಅಂಕಿಯನ್ನೂ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಗ್ಯಾರೇಜಿನಲ್ಲಿ ಬೆಳಿಗ್ಗೆಯ ಮೊದಲ ಬೋಲ್ಟಿಗೆ ಬೀಳುವುದು ಅದೇ. ಆಮೇಲೆ ಪ್ರತಿ ಅಂಕಿಗೂ ಐದೈದು ಸಲ. ಗುರಿಯ ಶೇ 80ರವರೆಗೆ ಬೇಗ ಬಂದರೂ ಅಲ್ಲಿಂದ ಮುಂದೆ ನಿಧಾನ, ಒಂದೇ ಸಮ. ಕೈಚಕ್ರ ತಿರುವುತ್ತಾ ಹೋದರೆ ಪರದೆಯ ಮೇಲೆ ಅಂಕಿ ಏರುತ್ತದೆ, ಟಕ್ ಅಂದ ಕ್ಷಣದ್ದು ಹಿಡಿದು ನಿಲ್ಲುತ್ತದೆ. 120ಕ್ಕೆ ಬಂದದ್ದು ಇಷ್ಟು: 104.6, 105.1, 104.8, 105.0, 104.7.

ಯಜಮಾನರು ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು. "ಎಲ್ಲಾ ಒಂದೇ ಸಮ ಬರಾಕತ್ತೈತಲ್ಲ, ಚೊಲೋ ಐತಿ ಅಲ್ಲೇನ್ರಿ?" ಎಂದು ಕೇಳಿದರು. ಹುಬ್ಬಳ್ಳಿ ಕಡೆಯವರು, ಇಲ್ಲಿ ನೆಲೆಸಿದವರು. ಒಂದೇ ಸಮ ಬರುವುದು ಬೇರೆ, ಸರಿ ಬರುವುದು ಬೇರೆ ಎಂದು ವಿವರಿಸಿದೆ. ಈ ಪಾನಾ ಐದು ಸಲವೂ ಒಂದೇ ಮಾತು ಹೇಳುತ್ತಿದೆ, ಆದರೆ ಆ ಮಾತು ಹದಿನೈದು ನ್ಯೂಟನ್ ಮೀಟರ್ ಕಡಿಮೆ. ಇಂಥದ್ದನ್ನು ತಿದ್ದಬಹುದು. ಅದೇ ವಾರ ಬೇರೆಯವರ ಪಾನಾ ಬಂದಿತ್ತು. ಅದೂ 120ಕ್ಕೇ: 113, 121, 117, 126, 119. ಸರಾಸರಿ ತೆಗೆದರೆ 119.2, ನೋಡಲು ಬಂಗಾರ. ಆದರೆ 113 ಮತ್ತು 126 ಎರಡೂ ಹದ್ದು ಮೀರಿವೆ. ಬೋಲ್ಟಿಗೆ ಸರಾಸರಿ ಗೊತ್ತಿಲ್ಲ, ಅದಕ್ಕೆ ಬೀಳುವುದು ಒಂದೇ ಟಕ್. ಅಂಥ ಪಾನಾಗೆ ತಿದ್ದುವ ಸ್ಕ್ರೂ ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ. ಬಿಚ್ಚಿ ತೊಳೆಯಬೇಕು, ಸವೆದ ಭಾಗ ಬದಲಿಸಬೇಕು. ಎಷ್ಟೋ ಸಲ ಹೊಸದು ತಗೊಳ್ಳಿ ಎಂದೇ ಹೇಳಬೇಕಾಗುತ್ತದೆ.

104.8ರ ಸುತ್ತಲಿನ ಆ ಐದು ಅಂಕಿಗಳನ್ನು ನಾನು ಇಂಕಿನಲ್ಲಿ ಬರೆದೆ. ಅದಾದ ಮೇಲೆಯೇ ಸ್ಪ್ರಿಂಗಿನ ಹಿಂದಿನ ಸ್ಕ್ರೂ ಮುಟ್ಟಿದ್ದು. ಈ ಕ್ರಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಕಾರಣ ಇದೆ.

ಈ ಕೆಲಸಕ್ಕೆ ಹೊಸದಾಗಿ ಬಂದಾಗ ಒಂದು ವರ್ಕ್‌ಶಾಪಿನಿಂದ ಪಾನಾ ಬಂದಿತ್ತು. ಬೆಂಚಿಗೆ ಹಾಕಿದ ಮೊದಲ ಟಕ್ಕಿಗೇ ಕಡಿಮೆ ಎಂದು ಕಂಡಿತು. ಅಲ್ಲೇ ಸ್ಕ್ರೂ ತಿರುಗಿಸಿ ಸರಿ ಮಾಡಿದೆ, ಚೆಂದದ ಅಂಕಿಗಳನ್ನು ಬರೆದು ಸರ್ಟಿಫಿಕೇಟ್ ಕೊಟ್ಟೆ. ವಾರದ ನಂತರ ಅಲ್ಲಿನ ಫೋರ್‌ಮನ್ ಬಂದರು. "ತಂದಾಗ ಎಷ್ಟು ಕಡಿಮೆ ಇತ್ತು ತಮ್ಮಾ? ಆ ಪಾನಾದಾಗ ಬಿಗಿದ ಗಾಡಿ ನಲವತ್ತು ಹೊರಗ ಓಡಾಡ್ತಾವ. ಎಲ್ಲಾ ಬಿಚ್ಚಿ ನೋಡ್ಬೇಕಾ, ಬ್ಯಾಡಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಶೇ 5 ಕಡಿಮೆ ಇದ್ದಿದ್ದರೆ ಬಹುಶಃ ಬಿಡಬಹುದಿತ್ತು. ಶೇ 15 ಆಗಿದ್ದರೆ ಅವತ್ತೇ ಎಲ್ಲ ಗಾಡಿ ವಾಪಸ್ ಕರೆಸಬೇಕಿತ್ತು. ಆ ಅಂಕಿಯನ್ನು ನಾನೇ ಅಳಿಸಿಬಿಟ್ಟಿದ್ದೆ. ಅವರು ನಲವತ್ತನ್ನೂ ಕರೆಸಿ ನೋಡಿದರು. ಆ ಮನುಷ್ಯ ಜೋರು ಮಾಡಲಿಲ್ಲ, ಆದರೆ ಆ ದಿನ ನನಗೆ ಊಟ ಸೇರಲಿಲ್ಲ.

ಪ್ರಯೋಗಾಲಯಗಳಿಗಿರುವ ಐಎಸ್‌ಒ/ಐಇಸಿ 17025 ಮಾನದಂಡವೂ ತಿದ್ದುವ ಮೊದಲಿನ ಮತ್ತು ನಂತರದ ಫಲಿತಾಂಶ ಎರಡೂ ಲಭ್ಯವಿದ್ದರೆ ಸರ್ಟಿಫಿಕೇಟಿನಲ್ಲಿ ಇರಬೇಕು ಎನ್ನುತ್ತದೆ. ನಿಮ್ಮ ಕೈಗೆ ಬಂದ ಹಾಳೆಯಲ್ಲಿ ನಂತರದ ಅಂಕಿ ಮಾತ್ರ ಇದ್ದರೆ, ಬಂದಾಗ ಎಷ್ಟಿತ್ತು ಎಂದು ಕೇಳಿ. ನಂತರದ ಅಂಕಿ ಇನ್ನು ಮುಂದೆ ಬಿಗಿಯುವ ಬೋಲ್ಟುಗಳದ್ದು. ಮೊದಲಿನ ಅಂಕಿ ನೀವು ಈಗಾಗಲೇ ಬಿಗಿದು ರಸ್ತೆಗೆ ಬಿಟ್ಟ ಬೋಲ್ಟುಗಳದ್ದು. ಅದೇ ಹಾಳೆಯಲ್ಲಿ ಇನ್ನೆರಡು ನೋಡಬೇಕು. ಅಳತೆಯ ಅನಿಶ್ಚಿತತೆ, ಅಂದರೆ ನಮ್ಮ ಅಳತೆಯೇ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂದು ಬರೆದಿರಬೇಕು. ನಮ್ಮ ಯಂತ್ರವನ್ನು ಯಾವುದಕ್ಕೆ ಹೋಲಿಸಿದ್ದು, ಆ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಂಥ ಮೂಲದವರೆಗೆ ಹೇಗೆ ಹೋಗುತ್ತದೆ ಎಂಬುದೂ ಇರಬೇಕು. 2017ರಲ್ಲಿ 6789 ಎರಡು ಭಾಗವಾಯಿತು. ಮೊದಲ ಭಾಗ ಪಾನಾ ಮಾನದಂಡಕ್ಕೆ ಹೊಂದುತ್ತದೆಯೇ ಎಂಬುದಕ್ಕೆ, ಎರಡನೆಯದು ಅನಿಶ್ಚಿತತೆ ಲೆಕ್ಕ ಹಾಕಿದ ಪೂರ್ತಿ ಕ್ಯಾಲಿಬ್ರೇಶನ್‌ಗೆ. ಹೊಸ ಪಾನಾ ಡಬ್ಬದಲ್ಲಿ ಬರುವ ಹಾಳೆ ಎಷ್ಟೋ ಸಲ ಮೊದಲನೆಯದು. ಆಡಿಟರ್ ಕೇಳುವುದು ಯಾವುದು ಎಂದು ಮೊದಲೇ ತಿಳಿದುಕೊಂಡು ಬನ್ನಿ.

ಸ್ಟಿಕ್ಕರಿನ ಮೇಲಿನ ಮುಂದಿನ ತಾರೀಖಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಗ್ರಾಹಕರು ಒಪ್ಪಿದ ಹೊರತು ಪ್ರಯೋಗಾಲಯ ತಾನಾಗಿ ಆ ಅವಧಿಯನ್ನು ಶಿಫಾರಸು ಮಾಡುವಂತಿಲ್ಲ. ತಾರೀಖು ನಿರ್ಧರಿಸಬೇಕಾದವರು ನೀವು. ನಿಮ್ಮದೇ ಪದ್ಧತಿ ಇಲ್ಲದಿದ್ದರೆ 6789 ಮಾನದಂಡ ಹೇಳುವುದು 12 ತಿಂಗಳು ಅಥವಾ ಸುಮಾರು 5000 ಸಲ ಬಳಕೆ, ಯಾವುದು ಮೊದಲೋ ಅದು. ಎಲ್ಲರೂ 12 ತಿಂಗಳು ನೆನಪಿಟ್ಟುಕೊಂಡಿದ್ದಾರೆ, 5000 ಮರೆತಿದ್ದಾರೆ. ಹತ್ತು ಚಕ್ರದ ಲಾರಿ ತಗೊಳ್ಳಿ. ಮುಂದೆ ಎರಡು ಹಬ್, ಹಿಂದೆ ನಾಲ್ಕು. ಹಬ್ಬಿಗೆ ಹತ್ತು ನಟ್ ಎಂದಿಟ್ಟುಕೊಂಡರೆ ಒಂದು ಲಾರಿಗೆ ಅರವತ್ತು ಟಕ್. ದಿನಕ್ಕೆ ಎರಡೇ ಲಾರಿ ಬಂದರೂ ಒಂದೂವರೆ ತಿಂಗಳೊಳಗೆ 5000 ದಾಟುತ್ತದೆ. ಹರಿಹರದಿಂದ ಹಿರಿಯೂರಿನವರೆಗೆ ಹೆದ್ದಾರಿ ಬದಿಯ ಟೈರ್ ಅಂಗಡಿಗಳಲ್ಲಿ ವರ್ಷಕ್ಕೊಮ್ಮೆ ಎಂಬ ಲೆಕ್ಕ ಸಾಲುವುದೇ ಇಲ್ಲ. ಪಾನಾ ಕೆಳಗೆ ಬಿದ್ದರೆ, ಅದರ ಮಿತಿಗಿಂತ ಬಹಳ ಹೆಚ್ಚು ಎಳೆದಿದ್ದರೆ, ರಿಪೇರಿ ಆಗಿದ್ದರೆ ತಾರೀಖಿಗೆ ಕಾಯಬಾರದು.

ಯಜಮಾನರ ಪಾನಾ ಯಾಕೆ ಕಡಿಮೆ ಬಿಡುತ್ತಿತ್ತು ಎಂಬುದು ಗೋಣಿಚೀಲ ಬಿಚ್ಚಿದಾಗಲೇ ಅರ್ಧ ಗೊತ್ತಾಗಿತ್ತು. ಹಿಡಿ 180ರ ಮೇಲೆ ನಿಂತಿತ್ತು. ಯಾವಾಗಲೋ ಬಿಗಿದು ಹಾಗೇ ಗೋಡೆಗೆ ನೇತುಹಾಕಿದ್ದಾರೆ. ತಿಂಗಳುಗಟ್ಟಲೆ ಒತ್ತಿಕೊಂಡೇ ಇದ್ದ ಸ್ಪ್ರಿಂಗ್ ಸೋಲುತ್ತದೆ, ಬೇಗ ಬಿಡುತ್ತದೆ, ಬೋಲ್ಟ್ ಸಡಿಲ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಹಿಡಿಯನ್ನು ಸ್ಕೇಲಿನ ಅತಿ ಕಡಿಮೆ ಅಂಕಿಗೆ ತಂದು ಇಡಬೇಕು. ಇವರದ್ದಾದರೆ 40. ಅದಕ್ಕಿಂತ ಕೆಳಗೆ ಪೂರ್ತಿ ಸಡಿಲ ಮಾಡಬಾರದು, ಒಳಗಿನ ತುಂಡು ಜಾಗ ಬಿಟ್ಟು ಜರುಗಬಹುದು. ಇದಕ್ಕೆ ವಿರುದ್ಧದ ದೋಷವೂ ಬರುತ್ತದೆ. ಧೂಳು ಹೊಕ್ಕು ಗ್ರೀಸ್ ಒಣಗಿದರೆ, ತುಕ್ಕು ಹಿಡಿದರೆ ತುಂಡು ಸಲೀಸಾಗಿ ವಾಲುವುದಿಲ್ಲ. ಟಕ್ ತಡವಾಗಿ ಬರುತ್ತದೆ, ಬೋಲ್ಟ್ ಅತಿಯಾಗಿ ಬಿಗಿದು ಥ್ರೆಡ್ ಹೋಗುತ್ತದೆ. ಟಾರ್ಕ್ ಪಾನಾದಿಂದ ಜಾಮ್ ಆದ ನಟ್ ಬಿಚ್ಚುವುದು, ಹಿಡಿಗೆ ಪೈಪ್ ಏರಿಸಿ ಎಳೆಯುವುದು, ಟಕ್ ಅಂದ ಮೇಲೂ ಗ್ಯಾರಂಟಿಗೆ ಎಂದು ಇನ್ನೆರಡು ಸಲ ಜಗ್ಗುವುದು, ಇವು ಮೂರೂ ನಮ್ಮ ಕಡೆ ದಿನಾ ನೋಡುವಂಥವು. ಹಿಡಿಯ ನಡುಮಧ್ಯ ಹಿಡಿದು ನಿಧಾನಕ್ಕೆ ಎಳೆದು, ಒಂದು ಟಕ್ ಕೇಳಿದ ಕೂಡಲೇ ಕೈ ಬಿಡಬೇಕು.

ಪಾನಾ ಸರಿ ಇದ್ದೂ ಅಂಕಿ ತಪ್ಪುವುದುಂಟು. ಹಳೆಯ ಮ್ಯಾನ್ಯುಯಲ್‌ಗಳಲ್ಲಿ ಕೆ.ಜಿ. ಮೀಟರ್ ಇರುತ್ತದೆ. 12 ಕೆ.ಜಿ. ಮೀಟರ್ ಎಂದರೆ 117.7 ನ್ಯೂಟನ್ ಮೀಟರ್. ಹತ್ತರಿಂದ ಗುಣಿಸಿ 120 ಎಂದು ಇಟ್ಟರೆ ಅಲ್ಲೇ ಶೇ 2 ಹೋಯಿತು, ಪಾನಾಗೆ ಇರುವ ಅವಕಾಶದಲ್ಲಿ ಅರ್ಧ. ಎರಡು ಸ್ಕೇಲಿನ ಪಾನಾದಲ್ಲಿ ಪೌಂಡ್ ಅಡಿಯ 120ಕ್ಕೆ ಇಟ್ಟರಂತೂ ಬೀಳುವುದು 163. ಸ್ಟಡ್ಡಿಗೆ ಎಣ್ಣೆ ಹಚ್ಚುವ ವಿಷಯವೂ ಇದೆ. ನಾವು ಹಾಕುವ ಬಲದಲ್ಲಿ ಸರಿಸುಮಾರು ಅರ್ಧ ಬೋಲ್ಟ್ ತಲೆಯ ಕೆಳಗಿನ ಉಜ್ಜಾಟಕ್ಕೆ, ಶೇ 40 ಥ್ರೆಡ್ಡಿನ ಉಜ್ಜಾಟಕ್ಕೆ ಹೋಗುತ್ತದೆ. ಬೋಲ್ಟನ್ನು ನಿಜವಾಗಿ ಬಿಗಿ ಹಿಡಿಯುವುದು ಉಳಿದ ಶೇ 10. ಒಣಗಿದ ಥ್ರೆಡ್ಡಿಗೆಂದು ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಥ್ರೆಡ್ಡಿಗೆ ಹಾಕಿದರೆ ಉಜ್ಜಾಟ ಕಡಿಮೆಯಾಗಿ ಬೋಲ್ಟ್ ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಅದನ್ನು ಯಾವ ಕ್ಯಾಲಿಬ್ರೇಶನ್ನೂ ಹಿಡಿಯಲಾರದು.

ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳಂಥ ದೊಡ್ಡ ಕೆಲಸದಲ್ಲಿ ಕೈಪಾನಾ ನಡೆಯುವುದಿಲ್ಲ, ಹೈಡ್ರಾಲಿಕ್ ಬೇಕು. ಅಲ್ಲಿ ಪಂಪಿನ ಪ್ರೆಶರ್ ಗೇಜ್ ನೋಡಿ, ಚಾರ್ಟಿನಿಂದ ಟಾರ್ಕ್ ತೆಗೆಯುತ್ತಾರೆ. ಪಾನಾ ಮಾತ್ರ ಕ್ಯಾಲಿಬ್ರೇಶನ್‌ಗೆ ಕಳಿಸಿ ಗೇಜನ್ನು ಸೈಟಿನಲ್ಲೇ ಬಿಟ್ಟು ಬರುವವರಿದ್ದಾರೆ. ಎರಡೂ ಒಟ್ಟಿಗೆ ಬರಬೇಕು.

ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವ ಕಾಟಾಕ್ಕೆ ಸರ್ಕಾರದ ಮುದ್ರೆ ಬೀಳುತ್ತದೆ. ಅದು ತಪ್ಪಿದರೆ ರೈತ ಅಲ್ಲೇ ಕೇಳುತ್ತಾನೆ. ಗ್ಯಾರೇಜಿನ ಟಾರ್ಕ್ ಪಾನಾ ತಪ್ಪಿದರೆ ಕೇಳುವವನು ಡ್ರೈವರ್, ಅದೂ ದಾರಿಯಲ್ಲಿ. ಆದ್ದರಿಂದ ಎರಡು ಕ್ಯಾಲಿಬ್ರೇಶನ್‌ಗಳ ನಡುವೆ ಅನುಮಾನ ಬಂದರೆ ಮಾಡಿ ನೋಡಲು ಒಂದು ದಾರಿ ಹೇಳುತ್ತೇನೆ. ಪಾನಾದ ಚೌಕ ತುದಿಯನ್ನು ಬೆಂಚ್ ವೈಸಿಗೆ ಭದ್ರವಾಗಿ ಕಚ್ಚಿಸಿ, ಹಿಡಿ ನೆಲಕ್ಕೆ ಸಮಾಂತರವಾಗಿ ಇರಲಿ. ಚೌಕದಿಂದ ಹಿಡಿಯ ನಡುಮಧ್ಯಕ್ಕೆ 40 ಸೆಂಟಿಮೀಟರ್ ಇದೆ ಅನ್ನಿ. ಅಲ್ಲಿಗೆ ಮುದ್ರೆಯ 20 ಕೆ.ಜಿ. ತೂಕವನ್ನು ಮೆಲ್ಲಗೆ ನೇತುಹಾಕಿ. 20ನ್ನು 9.78ರಿಂದ, ಅದನ್ನು 0.4ರಿಂದ ಗುಣಿಸಿದರೆ 78 ನ್ಯೂಟನ್ ಮೀಟರ್ ಆಯಿತು. ಪಾನಾದ ಸ್ವಂತ ಭಾರ ಒಂದೆರಡು ಸೇರುತ್ತದೆ. 9.8 ಬದಲು 9.78 ಯಾಕೆಂದರೆ ದಾವಣಗೆರೆಯ ಅಕ್ಷಾಂಶ ಮತ್ತು ಎತ್ತರದಲ್ಲಿ ಭೂಮಿಯ ಸೆಳೆತ ಅಷ್ಟು. ಗ್ಯಾರೇಜಿಗೆ ಆ ವ್ಯತ್ಯಾಸ ಮುಖ್ಯವಲ್ಲ, ತೂಕದಿಂದ ಟಾರ್ಕ್ ತೆಗೆಯುವ ನಮ್ಮಂಥ ಬೆಂಚಿಗೆ ಮುಖ್ಯ. 70ಕ್ಕೆ ಇಟ್ಟಾಗ ಬಿಟ್ಟು, 90ಕ್ಕೆ ಇಟ್ಟಾಗ ಬಿಡದಿದ್ದರೆ ಸದ್ಯಕ್ಕೆ ದೊಡ್ಡ ಎಡವಟ್ಟಿಲ್ಲ. 90ಕ್ಕೆ ಇಟ್ಟರೂ ಟಕ್ ಅಂದರೆ ಆ ಪಾನಾ ಪಕ್ಕಕ್ಕಿಡಿ. ಇದು ಅನುಮಾನ ಪರಿಹಾರಕ್ಕೆ ಮಾತ್ರ, ಇದನ್ನು ಕ್ಯಾಲಿಬ್ರೇಶನ್ ಎಂದು ಬರೆಯಬೇಡಿ.

ಯಜಮಾನರಿಗೆ ಹಾಳೆ ಕೊಟ್ಟೆ. ಮೇಲೆ 104.8, ಕೆಳಗೆ ತಿದ್ದಿದ ಮೇಲಿನ 119.6. ಮೇಲಿನ ಸಾಲನ್ನು ತೆಗೆಯಲಾಗುತ್ತದೆಯೇ ಎಂದು ಒಂದು ಸಲ ಕೇಳಿದರು. ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ತಿಂಗಳಲ್ಲಿ ಮೂರು ಎಂಜಿನ್ ಹೆಡ್ ಗ್ಯಾಸ್ಕೆಟ್ ಹೋಗಿ ವಾಪಸ್ ಬಂದವು, ಗ್ಯಾಸ್ಕೆಟ್ ಅಂಗಡಿಯವನ ಜೊತೆ ಜಗಳ ಆಡಿದೆ ಎಂದರು. ಆಮೇಲೆ ನನ್ನ ಮೇಜಿನ ಮೇಲೇ ತಮ್ಮ ಕೆಲಸದ ಪುಸ್ತಕ ಬಿಚ್ಚಿ, ಆ ಪಾನಾದಲ್ಲಿ ಹೆಡ್ ಬಿಗಿದ ಗಾಡಿಗಳ ನಂಬರ್ ಪಕ್ಕ ಒಂದೊಂದಾಗಿ ಗುರುತು ಹಾಕತೊಡಗಿದರು. ಹನ್ನೊಂದು ಇದ್ದವು. ಮೊದಲನೆಯವರಿಗೆ ಅಲ್ಲಿಂದಲೇ ಫೋನ್ ಮಾಡಿದರು: "ಗಾಡಿ ನಾಳೆ ಮುಂಜಾನೆ ತಗೊಂಡು ಬರ್ರಿ, ರೊಕ್ಕ ಬ್ಯಾಡ, ಹೆಡ್ ಒಂದು ಸಲ ನೋಡ್ಬೇಕಾಗೈತಿ."